ಸಂಶೋಧನೆಯ ಹಣ ನಮ್ಮ ಕೊಟ್ಟಿಗೆಗೂ ಬರಬಹುದು: ಅರ್ಜಿ ಹಾಕುವ ಬಗೆ



ಸಂಘಗಳ ಸಭೆಗಳಲ್ಲಿ ನೀವು ಕೇಳುವ ಪ್ರಶ್ನೆಗಳಲ್ಲಿ ಕೆಲವಕ್ಕೆ ತಕ್ಷಣ ಉತ್ತರ ಕೊಡಬಹುದು. ಕೆಚ್ಚಲು ಬಾವು ಬಂದರೆ ಏನು ಮಾಡಬೇಕು, ಜಂತುನಾಶಕವನ್ನು ಯಾವಾಗ ಕುಡಿಸಬೇಕು ಎಂಬಂಥವು ಆ ಜಾತಿಯವು. ಆದರೆ ಇನ್ನು ಕೆಲವು ಪ್ರಶ್ನೆಗಳಿವೆ. "ಕೊಳವೆಬಾವಿಯಲ್ಲಿ ಒಂದೂವರೆ ಇಂಚು ನೀರಿದೆ, ಅದರಲ್ಲಿ ಸೀಮೆ ಹುಲ್ಲು ಬೆಳೆದರೆ ಲಾಭವೋ, ತರಕಾರಿ ಬೆಳೆದು ಹುಲ್ಲು ಕೊಂಡರೆ ಲಾಭವೋ?" "ರೇಷ್ಮೆ ಹುಳು ತಿಂದು ಬಿಟ್ಟ ಸೊಪ್ಪನ್ನು ಹಸುವಿಗೆ ಎಷ್ಟು ಹಾಕಬಹುದು?" "ಮುಸುಕಿನ ಜೋಳವನ್ನು ಕಾಳಿಗೆ ಬಿಡುವುದೋ, ಹಸಿಯಾಗಿ ಕತ್ತರಿಸಿ ರಸಮೇವು ಮಾಡುವುದೋ?" ಇವಕ್ಕೆ ಪುಸ್ತಕದಲ್ಲಿ ಸಾಮಾನ್ಯ ಉತ್ತರ ಸಿಗುತ್ತದೆ. ನಮ್ಮ ಮಣ್ಣು, ನಮ್ಮ ನೀರು, ನಮ್ಮ ಕೂಲಿ ದರಕ್ಕೆ ಹೊಂದುವ ಉತ್ತರ ಬೇಕಾದರೆ ಇಲ್ಲಿಯೇ ಪ್ರಯೋಗ ಮಾಡಿ ನೋಡಬೇಕು.

ಅಂಥ ಪ್ರಯೋಗಕ್ಕೆ ಸರ್ಕಾರದ ಹಣ ದೊರೆಯುವ ದಾರಿಗಳಿವೆ. ಅದು ವಿಶ್ವವಿದ್ಯಾಲಯದ ದೊಡ್ಡವರಿಗೆ ಮಾತ್ರ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಹಣವನ್ನು ಹಿಡಿದು ಲೆಕ್ಕ ಕೊಡುವವರು ಬಹುಮಟ್ಟಿಗೆ ಸಂಸ್ಥೆಗಳೇ ಎಂಬುದು ನಿಜ. ಆದರೆ ಯಾವ ಪ್ರಶ್ನೆಗೆ ಆ ಹಣ ಖರ್ಚಾಗಬೇಕು, ಯಾರ ಕೊಟ್ಟಿಗೆಯಲ್ಲಿ ಪ್ರಯೋಗ ನಡೆಯಬೇಕು ಎಂಬುದನ್ನು ನಿರ್ಧರಿಸುವಲ್ಲಿ ನಿಮಗೂ ಪಾಲಿದೆ. ಅದನ್ನು ಪಡೆಯುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಿದೆ.

ನಮಗೆ ಇದು ಏಕೆ ಮುಖ್ಯ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯಲ್ಲಿ ನೀರು ಕಾಣುವುದು ಒಳ್ಳೆಯ ಮಳೆಯಾದ ವರ್ಷ ಮಾತ್ರ. ಉಳಿದ ಆಧಾರ ಕೊಳವೆಬಾವಿ. ನಮ್ಮ ಭಾಗವನ್ನು ಅಂತರ್ಜಲ ಅತಿಯಾಗಿ ಬಳಕೆಯಾದ ಪ್ರದೇಶವೆಂದು ಕೇಂದ್ರ ಅಂತರ್ಜಲ ಮಂಡಳಿ ಹಲವು ವರ್ಷಗಳಿಂದ ಗುರುತಿಸುತ್ತ ಬಂದಿದೆ. ಇಂಥಲ್ಲಿ ಸೀಮೆ ಹಸು ಸಾಕಿ ಹಾಲು ಹಾಕುತ್ತಿದ್ದೇವೆ. ಹಾಲಿನ ಉತ್ಪಾದನಾ ವೆಚ್ಚದಲ್ಲಿ ಅತಿ ದೊಡ್ಡ ಪಾಲು ಮೇವು ಮತ್ತು ಪಶು ಆಹಾರದ್ದು. ಮೇವಿನ ಬೇರು ನೀರಿನಲ್ಲಿದೆ. ಆದ್ದರಿಂದ ಕಡಿಮೆ ನೀರಿನಲ್ಲಿ, ಮಣ್ಣಿನ ಸಾರ ಕಳೆಯದೆ, ಇರುವ ಉಳಿಕೆಯನ್ನು ಹಾಳು ಮಾಡದೆ ಹಸು ಸಾಕುವ ದಾರಿಯನ್ನು ನಾವು ಕಂಡುಕೊಳ್ಳಲೇಬೇಕು. ಸುಸ್ಥಿರ ಕೃಷಿ ಎಂದು ಹೇಳುವುದು ಇದನ್ನೇ. ಅದು ನಮಗೆ ಮುಂದಿನ ಹತ್ತು ವರ್ಷ ಬಟವಾಡೆ ನಡೆಯುವ ಪ್ರಶ್ನೆ.

ದೀಪದ ಬುಡದಲ್ಲಿ ಕತ್ತಲೆ ಎನ್ನುವಂತೆ, ಇಂಥ ಸಂಶೋಧನೆಯ ದೊಡ್ಡ ಸಂಸ್ಥೆಗಳು ನಮ್ಮ ಪಕ್ಕದಲ್ಲೇ ಇವೆ. ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯೂ ಅಲ್ಲಿಯೇ ಇದೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಮತ್ತು ಕೃಷಿ ವಿಶ್ವವಿದ್ಯಾಲಯ ಇವೆ. ನಮ್ಮ ಜಿಲ್ಲೆಯೊಳಗೇ ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

1927ರಲ್ಲಿ ಗಾಂಧೀಜಿಯವರು ಆರೋಗ್ಯ ಸುಧಾರಣೆಗಾಗಿ ನಂದಿಬೆಟ್ಟದಲ್ಲಿ ತಂಗಿದ್ದರು. ಅನಂತರ ಬೆಂಗಳೂರಿಗೆ ಹೋಗಿ, ಇಂದಿನ ಡೇರಿ ಸಂಶೋಧನಾ ಕೇಂದ್ರದ ಜಾಗದಲ್ಲಿದ್ದ ಇಂಪೀರಿಯಲ್ ಪಶುಸಂಗೋಪನಾ ಮತ್ತು ಡೇರಿ ಸಂಸ್ಥೆಯಲ್ಲಿ ಹಸು ಸಾಕಣೆಯ ವಿಷಯ ಕೇಳಿ ತಿಳಿದುಕೊಂಡರು. ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರು. ರೈತನಾಗಿ ಪ್ರಶ್ನೆ ಹಿಡಿದು ವಿಜ್ಞಾನಿಯ ಬಾಗಿಲಿಗೆ ಹೋಗುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಸಹಾಯಧನ ಬೇರೆ, ಸಂಶೋಧನಾ ಅನುದಾನ ಬೇರೆ

ಮೊದಲು ಈ ಎರಡರ ವ್ಯತ್ಯಾಸ ತಿಳಿಯಬೇಕು. ಫಲ ಗೊತ್ತಿರುವ ಕೆಲಸವನ್ನು ಮಾಡಲು ಕೊಡುವ ಹಣ ಸಹಾಯಧನ. ಉದಾಹರಣೆಗೆ, 2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ರಸಮೇವು ಮತ್ತು ಮೇವಿನ ಇಟ್ಟಿಗೆ ತಯಾರಿಸುವ ಘಟಕಕ್ಕೆ ಬಂಡವಾಳದ ಶೇ. 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿತ್ತು. ಅದಕ್ಕೆ ಜಾಗ, ಬ್ಯಾಂಕ್ ಸಾಲ, ಯೋಜನಾ ವರದಿ ಬೇಕು. ಪ್ರಶ್ನೆ ಬೇಕಿಲ್ಲ.

ಫಲ ಗೊತ್ತಿಲ್ಲದ್ದನ್ನು ಪರೀಕ್ಷಿಸಿ ತಿಳಿಯಲು ಕೊಡುವ ಹಣ ಸಂಶೋಧನಾ ಅನುದಾನ. ಇಲ್ಲಿ ಕೊಡುವವರು ನೋಡುವುದು ನಿಮ್ಮ ಕಷ್ಟವೆಷ್ಟು ಎಂಬುದನ್ನಲ್ಲ. ಪ್ರಶ್ನೆ ಸ್ಪಷ್ಟವಿದೆಯೇ, ಅಳೆಯುವ ವಿಧಾನ ಸರಿಯಿದೆಯೇ, ಉತ್ತರದಿಂದ ಎಷ್ಟು ಜನಕ್ಕೆ ಉಪಯೋಗ ಎಂಬ ಮೂರನ್ನು ನೋಡುತ್ತಾರೆ. "ಮೇವಿಲ್ಲ, ಸಹಾಯ ಮಾಡಿ" ಎಂದು ಬರೆದ ಅರ್ಜಿ ಎಷ್ಟೇ ನಿಜವಾಗಿದ್ದರೂ ಸಂಶೋಧನಾ ಸಮಿತಿಯ ಮುಂದೆ ನಿಲ್ಲುವುದಿಲ್ಲ.

ಯಾವ ಯಾವ ಬಾಗಿಲುಗಳಿವೆ?

1. ಕೃಷಿ ವಿಜ್ಞಾನ ಕೇಂದ್ರ: ನಮಗೆ ಅತಿ ಹತ್ತಿರದ ಬಾಗಿಲು ಇದು. ಕೇಂದ್ರದ ವಿಜ್ಞಾನಿಗಳು ಪ್ರತಿ ವರ್ಷ ರೈತರ ಜಮೀನು ಮತ್ತು ಕೊಟ್ಟಿಗೆಗಳಲ್ಲಿ ಕ್ಷೇತ್ರ ಪ್ರಯೋಗಗಳನ್ನು ನಡೆಸುತ್ತಾರೆ. ರೈತರ ಈಗಿನ ಪದ್ಧತಿಯನ್ನೂ ಶಿಫಾರಸಾದ ಹೊಸ ಪದ್ಧತಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವುದು ಇದರ ಕ್ರಮ. ಕೇಂದ್ರಕ್ಕೆ ವೈಜ್ಞಾನಿಕ ಸಲಹಾ ಸಮಿತಿ ಇರುತ್ತದೆ, ಅದರಲ್ಲಿ ರೈತ ಪ್ರತಿನಿಧಿಗಳೂ ಇರುತ್ತಾರೆ. ವಾರ್ಷಿಕ ಕ್ರಿಯಾಯೋಜನೆ ಅಂತಿಮವಾಗುವ ಮೊದಲೇ ನಿಮ್ಮ ಪ್ರಶ್ನೆ ಅಲ್ಲಿಗೆ ತಲುಪಬೇಕು. ಇಲ್ಲಿ ಕೈಗೆ ನಗದು ಸಿಗುವುದಿಲ್ಲ. ಸಾಮಗ್ರಿ, ಪರೀಕ್ಷೆ ಮತ್ತು ಮಾರ್ಗದರ್ಶನ ಸಿಗುತ್ತದೆ.

ಈ ಬಾಗಿಲಿನಿಂದ ದೊಡ್ಡ ಯೋಜನೆಯೂ ಬಂದದ್ದುಂಟು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 2011ರಲ್ಲಿ ಹವಾಮಾನ ವೈಪರೀತ್ಯ ತಾಳಿಕೊಳ್ಳುವ ಕೃಷಿಯ ರಾಷ್ಟ್ರೀಯ ಯೋಜನೆಯನ್ನು (ನಿಕ್ರಾ) ಆರಂಭಿಸಿತು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಆಯ್ಕೆಯಾದದ್ದು ಚಿಂತಾಮಣಿ ತಾಲ್ಲೂಕಿನ ಎಸ್. ರಾಗುಟ್ಟಹಳ್ಳಿ. ನೀರು ಮತ್ತು ಮಣ್ಣಿನ ಸಂರಕ್ಷಣೆ, ಬೆಳೆ, ಜಾನುವಾರು, ಗ್ರಾಮದ ಸಂಘಟನೆ ಎಂಬ ನಾಲ್ಕು ಭಾಗ ಆ ಯೋಜನೆಗಿತ್ತು. ಗ್ರಾಮ ಮಟ್ಟದಲ್ಲಿ ರೈತರದೇ ಸಮಿತಿ ಇರಬೇಕೆಂಬುದು ಅದರ ನಿಯಮ. ಒಗ್ಗಟ್ಟಿನ ಸಮಿತಿ ಇರುವ ಊರಿಗೆ ಯೋಜನೆ ತರುವುದು ಸುಲಭ ಎಂಬುದನ್ನು ಇದರಿಂದ ತಿಳಿಯಬಹುದು. ಹಾಲಿನ ಸಂಘವಿರುವ ಪ್ರತಿ ಊರಿನಲ್ಲೂ ಅಂಥ ಸಂಘಟನೆ ಈಗಾಗಲೇ ಇದೆ.

2. ಪಶುವೈದ್ಯಕೀಯ ಮತ್ತು ಕೃಷಿ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು: ಪ್ರತಿಯೊಬ್ಬ ಸ್ನಾತಕೋತ್ತರ ವಿದ್ಯಾರ್ಥಿಯೂ ಒಂದು ವಿಷಯ ಆರಿಸಿಕೊಂಡು ಪ್ರಬಂಧ ಬರೆಯಬೇಕು. ನಿಮ್ಮ ಸಂಘದ ಪ್ರಶ್ನೆಯೇ ಆ ವಿಷಯವಾದರೆ ಪ್ರಯೋಗಾಲಯ, ಮಾರ್ಗದರ್ಶಕರು, ಒಂದೆರಡು ವರ್ಷ ಶ್ರಮಿಸುವ ಯುವಕ ಅಥವಾ ಯುವತಿ ಎಲ್ಲವೂ ಒಟ್ಟಿಗೆ ಬರುತ್ತಾರೆ. ಇದು ಬಹಳ ಕಡಿಮೆ ಖರ್ಚಿನ ದಾರಿ. ವಿಭಾಗದ ಮುಖ್ಯಸ್ಥರಿಗೆ ಸಂಘದಿಂದ ಪತ್ರ ಬರೆದರೆ ಸಾಕು.

3. ಆತ್ಮ ಯೋಜನೆ: ಕೃಷಿ ಇಲಾಖೆಯ ಮೂಲಕ ನಡೆಯುವ ಈ ಯೋಜನೆಯಲ್ಲಿ ಜಿಲ್ಲೆಯ ಸಂಶೋಧನೆ ಮತ್ತು ವಿಸ್ತರಣೆಯ ಅಗತ್ಯಗಳ ಪಟ್ಟಿ ತಯಾರಾಗುತ್ತದೆ. ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ರೈತರ ಸಲಹಾ ಸಮಿತಿಗಳಿವೆ. ಪಶುಪಾಲನೆಯೂ ಇದರ ವ್ಯಾಪ್ತಿಗೆ ಸೇರುತ್ತದೆ. ನಮ್ಮವರು ಈ ಸಭೆಗಳಿಗೆ ಹೋಗದ ಕಾರಣ ಪಟ್ಟಿಯಲ್ಲಿ ಹಾಲಿನ ಮಾತು ಕಡಿಮೆಯಾಗುತ್ತದೆ.

4. ನಬಾರ್ಡ್: 2014ರಲ್ಲಿ ರಚನೆಯಾದ ಕೃಷಿ ಕ್ಷೇತ್ರ ಉತ್ತೇಜನ ನಿಧಿಯಿಂದ ಹೊಸ ವಿಧಾನಗಳನ್ನು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸುವ ಯೋಜನೆಗಳಿಗೆ ನೆರವು ನೀಡಲಾಗುತ್ತದೆ. ಇದಕ್ಕೆ ನಬಾರ್ಡ್‌ನ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರನ್ನು ಕಾಣಬೇಕು.

5. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆ: 2007ರಲ್ಲಿ ಆರಂಭವಾದದ್ದು. ದೊಡ್ಡ ಮೊತ್ತದ ಪ್ರಸ್ತಾವನೆಗಳು ಇಲಾಖೆ ಅಥವಾ ವಿಶ್ವವಿದ್ಯಾಲಯದ ಮೂಲಕ, ಮುಖ್ಯ ಕಾರ್ಯದರ್ಶಿಯವರ ಅಧ್ಯಕ್ಷತೆಯ ರಾಜ್ಯ ಮಟ್ಟದ ಮಂಜೂರಾತಿ ಸಮಿತಿಗೆ ಹೋಗುತ್ತವೆ. ಒಂದು ಸಂಘಕ್ಕೆ ಇದು ಭಾರ. ಹಲವು ಸಂಘಗಳು ಸೇರಿ ಒಕ್ಕೂಟದ ಮೂಲಕ ಪ್ರಯತ್ನಿಸಬಹುದು.

6. ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ: ನೀವೇ ಏನಾದರೂ ಹೊಸ ಉಪಕರಣ ಅಥವಾ ವಿಧಾನ ಕಂಡುಹಿಡಿದಿದ್ದರೆ ಈ ಬಾಗಿಲು. 2000ದಲ್ಲಿ ಸ್ಥಾಪನೆಯಾದ ಇದು ಓದು ಬರಹದ ಪದವಿ ಕೇಳುವುದಿಲ್ಲ. ದಕ್ಷಿಣ ಕನ್ನಡದ ಮುರುಳ್ಯದ ರಾಘವ ಗೌಡರು ರೂಪಿಸಿದ, ಕೈಯಿಂದ ನಡೆಸುವ ಹಾಲು ಕರೆಯುವ ಯಂತ್ರವನ್ನು ಗುರುತಿಸಿದ್ದು ಇದೇ ಪ್ರತಿಷ್ಠಾನ.

ಯೋಜನೆಗಳ ಮೊತ್ತ, ಅರ್ಹತೆ ಮತ್ತು ಕೊನೆಯ ದಿನಾಂಕ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನು ಸಂಬಂಧಪಟ್ಟ ಕಚೇರಿಯಲ್ಲೇ ಕೇಳಿ ಪಡೆಯಿರಿ.

ಕಷ್ಟವನ್ನು ಪ್ರಶ್ನೆಯಾಗಿ ಮಾಡುವುದು ಹೇಗೆ?

ಅರ್ಜಿಯ ಜೀವ ಇಲ್ಲಿದೆ. ಒಳ್ಳೆಯ ಪ್ರಶ್ನೆಯಲ್ಲಿ ನಾಲ್ಕು ಅಂಶಗಳಿರಬೇಕು: ಏನನ್ನು ಬದಲಿಸುತ್ತೇವೆ, ಯಾವುದರೊಂದಿಗೆ ಹೋಲಿಸುತ್ತೇವೆ, ಏನನ್ನು ಅಳೆಯುತ್ತೇವೆ, ಎಷ್ಟು ದಿನ. ನಮ್ಮ ನಾಲ್ಕು ತಾಲ್ಲೂಕುಗಳಿಂದ ಒಂದೊಂದು ಉದಾಹರಣೆ ನೋಡಿ.

ಗೌರಿಬಿದನೂರು: "ಮುಸುಕಿನ ಜೋಳದ ಬೆಲೆ ಬಿದ್ದು ಹೋಗಿದೆ" ಎಂಬುದು ಕಷ್ಟ. "ಒಂದೇ ಹೊಲದ ಅರ್ಧ ಭಾಗವನ್ನು ಕಾಳಿಗೆ ಬಿಟ್ಟು, ಅರ್ಧವನ್ನು ಕಾಳು ಹಾಲುಗಟ್ಟುವ ಹಂತದಲ್ಲಿ ಕತ್ತರಿಸಿ ರಸಮೇವು ಮಾಡಿದರೆ, ಎಕರೆಗೆ ಉಳಿಯುವ ಹಣ ಯಾವುದರಲ್ಲಿ ಹೆಚ್ಚು?" ಎಂಬುದು ಪ್ರಶ್ನೆ.

ಚಿಂತಾಮಣಿ: "ರಾಗಿ ಹುಲ್ಲು ಸಾಲುತ್ತಿಲ್ಲ" ಎಂಬುದು ಕಷ್ಟ. "ಹುಲ್ಲನ್ನು ಉದ್ದಕ್ಕೆ ಹಾಕಿದಾಗ ಮತ್ತು ಕತ್ತರಿಸಿ ಹಾಕಿದಾಗ ಗೋದಲಿಯಲ್ಲಿ ಉಳಿದು ಹಾಳಾಗುವ ಹುಲ್ಲು ದಿನಕ್ಕೆ ಎಷ್ಟು ಕಿಲೊ? ಕತ್ತರಿಸುವ ವಿದ್ಯುತ್ತು ಮತ್ತು ಕೂಲಿ ಕಳೆದರೆ ಉಳಿತಾಯವೆಷ್ಟು?" ಎಂಬುದು ಪ್ರಶ್ನೆ.

ಚಿಕ್ಕಬಳ್ಳಾಪುರ: "ನೀರಿಲ್ಲ" ಎಂಬುದು ಕಷ್ಟ. "ಸೀಮೆ ಹುಲ್ಲಿಗೆ ಕಾಲುವೆಯಲ್ಲಿ ಹಾಯಿಸಿದ ನೀರು ಮತ್ತು ಹನಿ ನೀರಾವರಿಯ ನೀರನ್ನು ಮೀಟರ್ ಇಟ್ಟು ಅಳೆದರೆ, ಒಂದು ಟನ್ ಹಸಿ ಮೇವಿಗೆ ಎಷ್ಟೆಷ್ಟು ನೀರು ಬೇಕು?" ಎಂಬುದು ಪ್ರಶ್ನೆ.

ಶಿಡ್ಲಘಟ್ಟ: ರೇಷ್ಮೆ ಸಾಕುವ ಮನೆಗಳಲ್ಲಿ ಹಸುವೂ ಇರುತ್ತದೆ. ಹಿಪ್ಪುನೇರಳೆ ಸೊಪ್ಪಿನಲ್ಲಿ ಪ್ರೋಟೀನ್ ಒಣ ತೂಕದ ಲೆಕ್ಕದಲ್ಲಿ ಸುಮಾರು ಶೇ. 15ರಿಂದ 25ರವರೆಗೆ ಇರುತ್ತದೆ. ಆದರೆ ಹುಳುವಿನ ತಟ್ಟೆಯಿಂದ ಬರುವ ಉಳಿಕೆಯಲ್ಲಿ ಸುಣ್ಣ ಮತ್ತು ಸೋಂಕುನಿವಾರಕ ಪುಡಿ ಬೆರೆತಿರಬಹುದು. ಆದ್ದರಿಂದ "ಪುಡಿ ಸೋಕದ ಸೊಪ್ಪನ್ನು ಪಶು ಆಹಾರದ ಒಂದು ಭಾಗದ ಬದಲು ಕೊಟ್ಟರೆ ಹಾಲು, ಜಿಡ್ಡು, ಎಸ್‌.ಎನ್‌.ಎಫ್. ಮತ್ತು ಖರ್ಚಿನಲ್ಲಿ ಏನು ವ್ಯತ್ಯಾಸ?" ಎಂಬುದು ಇಲ್ಲಿನವರೇ ಕೇಳಬೇಕಾದ ಪ್ರಶ್ನೆ.

ಮಾದರಿ ಅರ್ಜಿ

ಶಿಡ್ಲಘಟ್ಟದ ಪ್ರಶ್ನೆಯನ್ನೇ ಹಿಡಿದು ಒಂದು ಅರ್ಜಿ ತಯಾರಿಸೋಣ. ಇದು ಕೇವಲ ಮಾದರಿ. ಪ್ರಮಾಣಗಳನ್ನು ಪೋಷಣಾ ವಿಜ್ಞಾನಿಗಳೇ ಅಂತಿಮಗೊಳಿಸಬೇಕು.

ಸಮಸ್ಯೆ: ಸಂಘದಲ್ಲಿ ಎಷ್ಟು ಸದಸ್ಯರು ರೇಷ್ಮೆಯನ್ನೂ ಸಾಕುತ್ತಾರೆ, ಒಂದು ಬೆಳೆಗೆ ಎಷ್ಟು ಸೊಪ್ಪು ಉಳಿಯುತ್ತದೆ, ಪಶು ಆಹಾರಕ್ಕೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ. ಐದಾರು ಸಾಲು ಸಾಕು. ಅಂಕಿಗಳು ಸಂಘದ ಪುಸ್ತಕದಿಂದಲೇ ಬರಲಿ.

ವಿಧಾನ: ಕರು ಹಾಕಿ ಎರಡರಿಂದ ಐದು ತಿಂಗಳಾದ, ಹಾಲಿನ ಪ್ರಮಾಣ ಹೆಚ್ಚು ಕಡಿಮೆ ಸಮನಾಗಿರುವ 12 ಹಸುಗಳು. ಆರಾರರ ಎರಡು ಗುಂಪು. ಮೊದಲ ಗುಂಪಿಗೆ ಪಶು ಆಹಾರ ಸ್ವಲ್ಪ ಕಡಿಮೆ ಮಾಡಿ ಒಣ ತೂಕದಲ್ಲಿ 2 ಕಿಲೊ ಸೊಪ್ಪು, ಎರಡನೆಯದಕ್ಕೆ ಎಂದಿನ ಆಹಾರ. ಹೊಸ ಆಹಾರಕ್ಕೆ ಒಗ್ಗಲು 14 ದಿನ, ಅಳತೆಗೆ 30 ದಿನ. ಆಮೇಲೆ ಗುಂಪುಗಳನ್ನು ಅದಲು ಬದಲು ಮಾಡಿ ಮತ್ತೆ 14 ಮತ್ತು 30 ದಿನ. ಒಟ್ಟು 88 ದಿನ.

ಅದಲು ಬದಲು ಏಕೆ ಎಂದು ನೀವು ಕೇಳಬಹುದು. ದಿನ ಕಳೆದಂತೆ ಹಸುವಿನ ಹಾಲು ತಾನಾಗಿಯೇ ಇಳಿಯುತ್ತದೆ. ಒಂದು ಹಸು ಸ್ವಭಾವದಿಂದಲೇ ಹೆಚ್ಚು ಕೊಡುತ್ತದೆ, ಇನ್ನೊಂದು ಕಡಿಮೆ. ಪ್ರತಿ ಹಸುವೂ ಎರಡೂ ಆಹಾರ ತಿಂದಾಗ ವ್ಯತ್ಯಾಸ ಆಹಾರದ್ದೋ ಹಸುವಿನದ್ದೋ ಎಂಬುದು ತಿಳಿಯುತ್ತದೆ. ಹೋಲಿಕೆಗೆ ಇನ್ನೊಂದು ಗುಂಪಿಲ್ಲದ ಪ್ರಯೋಗವನ್ನು ಯಾವ ಸಮಿತಿಯೂ ಒಪ್ಪುವುದಿಲ್ಲ.

ಅಳತೆ: ಎರಡೂ ಹೊತ್ತಿನ ಹಾಲಿನ ತೂಕ ಪ್ರತಿದಿನ. ಜಿಡ್ಡು ಮತ್ತು ಎಸ್‌.ಎನ್‌.ಎಫ್. ವಾರಕ್ಕೊಮ್ಮೆ, ಪ್ರತಿ ಹಸುವಿನದೂ ಬೇರೆ ಬೇರೆ. ತಿಂದ ಮೇವು ಮತ್ತು ಬಿಟ್ಟ ಮೇವು ಎರಡರ ತೂಕ.

ಖರ್ಚು: "ಮೇವಿಗೆ 50 ಸಾವಿರ, ಪರೀಕ್ಷೆಗೆ 50 ಸಾವಿರ" ಎಂದು ಗುಂಡಾಗಿ ಬರೆಯಬೇಡಿ. ಲೆಕ್ಕ ಬಿಡಿಸಿ ತೋರಿಸಿ. ಸೊಪ್ಪು: ಯಾವ ದಿನವಾದರೂ ಸೊಪ್ಪು ತಿನ್ನುವ ಹಸು 6, ದಿನಕ್ಕೆ 2 ಕಿಲೊ, 88 ದಿನ, ಒಟ್ಟು ಒಣ ತೂಕದಲ್ಲಿ 1,056 ಕಿಲೊ. ಹಾಲಿನ ಮಾದರಿ: 12 ಹಸು, ದಿನಕ್ಕೆ 2 ಹೊತ್ತು, 8 ವಾರ, ಒಟ್ಟು 192. ಇವನ್ನು ಅಂದಿನ ದರದಿಂದ ಗುಣಿಸಿ. ಒಮ್ಮೆ ಮಾತ್ರ ಕೊಳ್ಳುವ ತೂಕದ ಯಂತ್ರದಂಥವನ್ನು ಬೇರೆ, ಮತ್ತೆ ಮತ್ತೆ ಬರುವ ಖರ್ಚನ್ನು ಬೇರೆ ತೋರಿಸಿ. ಹಾಲು ಕಡಿಮೆಯಾದರೆ ಹಸುವಿನ ಒಡೆಯರಿಗೆ ಪರಿಹಾರ, ಬರೆದಿಡುವವರಿಗೆ ಗೌರವಧನ ಇವನ್ನೂ ಸೇರಿಸಿ. ಬಡ ಸದಸ್ಯೆಯೊಬ್ಬರು ತಮ್ಮ ಹಸುವನ್ನು ಪ್ರಯೋಗಕ್ಕೆ ಒಡ್ಡುವಾಗ ನಷ್ಟ ಅವರೊಬ್ಬರ ತಲೆಯ ಮೇಲೆ ಬೀಳಬಾರದು.

ಹಂಚಿಕೆ: ಫಲಿತಾಂಶವನ್ನು ಯಾರಿಗೆ, ಹೇಗೆ ತಿಳಿಸುತ್ತೀರಿ? ಸುತ್ತಲ ಸಂಘಗಳ ಸಭೆ, ಕ್ಷೇತ್ರೋತ್ಸವ, ಈ ಪತ್ರಿಕೆ ಇತ್ಯಾದಿ. ಸಾರ್ವಜನಿಕರ ಹಣದಿಂದ ತಿಳಿದದ್ದು ಸಾರ್ವಜನಿಕರಿಗೆ ಸೇರಬೇಕು.

ಅರ್ಜಿಯ ಜೊತೆ ಇರಬೇಕಾದವು

ಆಡಳಿತ ಮಂಡಳಿಯ ನಿರ್ಣಯದ ಪ್ರತಿ, ಸಂಘದ ನೋಂದಣಿ ಪತ್ರ, ಲೆಕ್ಕಪರಿಶೋಧನಾ ವರದಿಗಳು, ಸಂಘದ ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ವಿವರ, ಭಾಗವಹಿಸುವ ಸದಸ್ಯರ ಒಪ್ಪಿಗೆ ಪತ್ರ ಮತ್ತು ರೈತ ಗುರುತಿನ ಸಂಖ್ಯೆ, ಹಸುಗಳ ಕಿವಿಯೋಲೆಯ 12 ಅಂಕಿಯ ಸಂಖ್ಯೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಜೊತೆಗೂಡುವ ವಿಜ್ಞಾನಿ ಅಥವಾ ಸಂಸ್ಥೆಯ ಒಪ್ಪಿಗೆ ಪತ್ರ.

ಪ್ರಶ್ನೆಯ ಹಿಂದೆ ನಿಮ್ಮದೇ ದಾಖಲೆಯಿದ್ದರೆ ಅರ್ಜಿಗೆ ಬಲ ಹೆಚ್ಚು. ಸಂಘದಲ್ಲಿ ಕೊಡುವ ಹಾಲಿನ ಚೀಟಿಯನ್ನು ಸೂರಿಗೆ ಸಿಕ್ಕಿಸಿ ಮರೆಯಬೇಡಿ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ, ಹಾಲು, ಜಿಡ್ಡು, ಹಾಕಿದ ಮೇವು, ಕೊಂಡ ಹಿಂಡಿ ಬೂಸಾದ ಬೆಲೆ ಬರೆದಿಡಿ. ಶಾಲೆಗೆ ಹೋಗುವ ಮಗಳೋ ಮಗನೋ ದಿನಕ್ಕೆ ಐದು ನಿಮಿಷದಲ್ಲಿ ಬರೆಯಬಲ್ಲರು. ಮೂರು ತಿಂಗಳು ಹತ್ತು ಮನೆಗಳಲ್ಲಿ ಹೀಗೆ ಬರೆದರೆ, ಅದನ್ನು ನೋಡಿದ ವಿಜ್ಞಾನಿಗೆ ಇವರ ಜೊತೆ ಕೆಲಸ ಮಾಡಬಹುದು ಎಂಬ ನಂಬಿಕೆ ಬರುತ್ತದೆ.

ಎಚ್ಚರಿಕೆಯ ಮಾತುಗಳು

* "ಅನುದಾನ ಮಂಜೂರು ಮಾಡಿಸಿಕೊಡುತ್ತೇನೆ, ಇಷ್ಟು ಮುಂಗಡ ಕೊಡಿ" ಎನ್ನುವವರನ್ನು ನಂಬಬೇಡಿ. ಮೇಲೆ ಹೇಳಿದ ಯಾವ ಕಚೇರಿಗೂ ಮಧ್ಯವರ್ತಿ ಬೇಕಿಲ್ಲ.

* ಅನುದಾನ ಕಂತುಗಳಲ್ಲಿ ಬರುತ್ತದೆ. ಮೊದಲ ಕಂತಿನ ಲೆಕ್ಕ ಮತ್ತು ಹಣ ಬಳಕೆ ಪ್ರಮಾಣಪತ್ರ ಕೊಡದೆ ಎರಡನೆಯದು ಬರುವುದಿಲ್ಲ. ಪ್ರತಿ ಖರ್ಚಿಗೂ ರಸೀದಿ ಇರಲಿ. ಈ ಹಣವನ್ನು ಬಟವಾಡೆಯ ಹಣದೊಂದಿಗೆ ಬೆರೆಸಬೇಡಿ.

* ಔಷಧಿ, ಚುಚ್ಚುಮದ್ದಿನ ಪ್ರಯೋಗವನ್ನು ಸಂಘದವರು ತಾವಾಗಿಯೇ ಮಾಡಲೇಬಾರದು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಬೇಕಾದ ಅನುಮತಿಗಳನ್ನು ಸಂಸ್ಥೆಯ ವಿಜ್ಞಾನಿಗಳು ಪಡೆಯುತ್ತಾರೆ. ಸಂಶಯವಿರುವ ಹಾಲನ್ನು ಕ್ಯಾನಿಗೆ ಸುರಿಯಬೇಡಿ.

* ಬಂದ ಅಂಕಿಗಳನ್ನು ತಿದ್ದಬೇಡಿ. ಸೊಪ್ಪು ಹಾಕಿದರೆ ಹಾಲು ಇಳಿಯಿತು ಎಂದು ತಿಳಿದುಬಂದರೆ ಅದೂ ಉತ್ತರವೇ. ಸುತ್ತಲ ನೂರು ಮನೆಗಳು ಆ ನಷ್ಟದಿಂದ ಪಾರಾಗುತ್ತವೆ.

* ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ, ತಿದ್ದಿ ಮತ್ತೆ ಕಳುಹಿಸಿ. ವಿಜ್ಞಾನಿಗಳ ಅರ್ಜಿಗಳೂ ಮೊದಲ ಸಲಕ್ಕೇ ಒಪ್ಪಿಗೆಯಾಗುವುದು ಅಪರೂಪ.

ಈ ತಿಂಗಳು ಏನು ಮಾಡಬೇಕು?

ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಈ ವಿಷಯವನ್ನು ಇಡಿ. ಸದಸ್ಯರ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು, ಹೆಚ್ಚು ಮನೆಗಳಿಗೆ ಸಂಬಂಧಿಸಿದ ಒಂದನ್ನೇ ಆರಿಸಿ. ಹಸುವಿನ ಚಾಕರಿಯೆಲ್ಲ ಹೆಣ್ಣುಮಕ್ಕಳದ್ದು, ಆದ್ದರಿಂದ ಪ್ರಶ್ನೆ ಆರಿಸುವಾಗ ಅವರನ್ನು ಕರೆದು ಕೇಳಿ. ಹತ್ತು ಮನೆಗಳಲ್ಲಿ ದಾಖಲೆ ಆರಂಭಿಸಿ. ಒಂದು ಪುಟದ ಪತ್ರ ಬರೆದು, ನಿರ್ಣಯದ ಪ್ರತಿಯೊಂದಿಗೆ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ, ಸ್ವೀಕೃತಿ ಪಡೆಯಿರಿ. ಒಂದು ಪ್ರತಿಯನ್ನು ಒಕ್ಕೂಟದ ವಿಸ್ತರಣಾಧಿಕಾರಿಗಳಿಗೂ ಕಳುಹಿಸಿದರೆ ಬರವಣಿಗೆಯನ್ನು ತಿದ್ದಿಕೊಡಲು, ವಿಜ್ಞಾನಿಗಳನ್ನು ಭೇಟಿ ಮಾಡಿಸಲು ನಾವು ಸಿದ್ಧರಿದ್ದೇವೆ.

ಬೇರೆ ಊರಿನವರ ಪ್ರಶ್ನೆಗೆ ಸಿಕ್ಕ ಉತ್ತರ ನಮ್ಮ ಕೊಟ್ಟಿಗೆಗೆ ಹೊಂದದಿದ್ದರೆ ದೂರುವುದರಿಂದ ಫಲವಿಲ್ಲ. ನಮ್ಮ ಪ್ರಶ್ನೆಯನ್ನು ಲೆಕ್ಕದೊಂದಿಗೆ, ಬರಹದಲ್ಲಿ ನಾವೇ ಕೇಳೋಣ.